ಬೋರ್ಡೋ ಎಂಬ ಊರು

ದೋಹಾದ ದೊಡ್ಡ ಹೋಟೆಲೊಂದರಲ್ಲಿ ಫ್ರಾನ್ಸಿನ ವೈನ್ ಸೀಮೆಗಳನ್ನು ಪರಿಚಯಿಸುವ ಕಾರ್ಯಕ್ರಮ. ಕಂಪನಿ ಕೆಲಸಕ್ಕೆಂದು ಬಂದ ನನ್ನನ್ನೂ ಕರೆದಿದ್ದರು. ಷಾಂಪೇನಿನ ಸುಣ್ಣದ ನೆಲ, ಬರ್ಗಂಡಿಯ ಇಳಿಜಾರು, ಬೋರ್ಡೋದ ಹೊಳೆಜಲ್ಲಿ ಎಂದು ಒಬ್ಬ ಮಹಾಶಯ ಮಣ್ಣನ್ನು ಹೊಗಳುತ್ತ, ವೈನಿನ ಒಂದೊಂದು ಗುಟುಕನ್ನೂ ಬಾಯಲ್ಲಿ ಮುಕ್ಕಳಿಸಿ ಬಕೆಟ್ಟಿಗೆ ಉಗುಳಿದ. ಅದನ್ನು ನೋಡಲು ನಾವೆಲ್ಲ ಟೈ ಕಟ್ಟಿಕೊಂಡು ಕುಳಿತಿದ್ದೆವು.

ವಿಟ್ಲದ ಕಡೆಯ ಹಮೀದ್ ಕಂಪನಿಯ ಡ್ರೈವರ್. ಅಷ್ಟು ಹೊತ್ತೂ ಬಿಸಿಲಲ್ಲಿ ಕಾದಿದ್ದರು. ವಾಪಸು ಬರುವಾಗ ಅಲ್ ಹಿಲಾಲ್ ಬಡಾವಣೆಯ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿದಾಗ, ಹೋಟೆಲಿನಲ್ಲಿ ಕೊಟ್ಟ ವೈನ್ ಸೀಮೆಗಳ ನಕ್ಷೆಯ ಮಡಿಕೆ ಬಿಚ್ಚಿ ಹೆಸರುಗಳನ್ನು ಗಟ್ಟಿಯಾಗಿ ಓದಿದೆ.

ಹಮೀದ್ ಕ್ಯಾಸೆಟ್ಟಿನ ಹಾಡು ನಿಲ್ಲಿಸಿದರು. "ಬೋರ್ಡೋ ಅಂತ ಊರುಂಟಾ ಸಾರ್? ಅದು ಮಳೆಗಾಲದಲ್ಲಿ ಕೊಳೆರೋಗಕ್ಕೆ ನಾವು ಅಡಿಕೆಗೆ ಬಿಡುವ ಮದ್ದಲ್ವಾ?"

ತಿಳಿದದ್ದನ್ನು ಹೇಳದೆ ಇರಲಾರದ ಚಟ ನನ್ನದು. ಸಿಂಪಡಿಸುವ ಆ ಮದ್ದನ್ನು ಮೊದಲು ಮಾಡಿದ್ದೇ ಅಲ್ಲಿಯ ದ್ರಾಕ್ಷಿಯ ರೋಗಕ್ಕೆ, ಊರಿನ ಹೆಸರೇ ಮದ್ದಿಗೂ ಬಂತು ಎಂದೆ.

"ನನ್ನ ಅಣ್ಣ ಅದನ್ನು ಬಿಡ್ಲಿಕ್ಕೇ ಮರ ಹತ್ತಿದ್ದು. ಮರ ಜಾರ್ತಿತ್ತು. ಬಿದ್ದ, ಖಲಾಸ್. ಅವನ ಮಕ್ಕಳನ್ನು ಸಾಕ್ಲಿಕ್ಕೆ ನಾನು ಇಲ್ಲಿಗೆ ಬಂದದ್ದು."

ಚಹಾ ಬಂತು. ಹಮೀದ್ ಕುಡಿಯದೆ, ನಕ್ಷೆಯ ಮೂಲೆಯಲ್ಲಿದ್ದ ತೋಟದ ಚಿತ್ರವನ್ನೇ ನೋಡುತ್ತಿದ್ದರು.

"ಈ ದ್ರಾಕ್ಷಿ ಎಷ್ಟು ಎತ್ತರ ಬರ್ತದೆ ಸಾರ್?"

"ಹೆಚ್ಚೆಂದರೆ ಎದೆಮಟ್ಟ."

ನಕ್ಷೆಯನ್ನು ಮೊದಲಿದ್ದಂತೆಯೇ ಮಡಚಿ ನನ್ನ ಕೈಗೆ ಕೊಟ್ಟರು. "ಹಾಗಾದ್ರೆ ಅವರು ನೆಲದಲ್ಲಿ ನಿಂತೇ ಮದ್ದು ಬಿಡುವುದು."