ಅತ್ತೆಯ ಸಪ್ಪೆ ಸೂಪು

ಡಾಕ್ಟರು ಸಂಜೆ ಔಷಧಿ ಬದಲಾಯಿಸುವುದರೊಳಗೆ ಹೇಳಬೇಕು. ಹೇಳಿದರೆ ಅತ್ತೆಗೆ ಕೊಟ್ಟ ಮಾತು ಮುರಿಯುತ್ತದೆ. ಹೇಳದಿದ್ದರೆ ಮಾವ ಉಳಿಯುತ್ತಾರೋ ಇಲ್ಲವೋ. ಮಗಳಿಗೆ ಅನ್ನ ಕಲಸುವಾಗಲೂ ಆಸ್ಪತ್ರೆಗೆ ಬಟ್ಟೆ ಮಡಿಸುವಾಗಲೂ ಇದೊಂದೇ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ನಾನು ಮೊದಲೇ ಪುಕ್ಕಲು; ಮಗು ಎರಡು ಸಲ ಸೀನಿದರೆ ಥರ್ಮಾಮೀಟರ್ ಹುಡುಕುವವಳು. ಅಂಥವಳ ಕೈಗೆ ಈ ತೀರ್ಮಾನ ಬಂದಿತ್ತು.

ನನ್ನ ಅತ್ತೆ ಅನಸೂಯಾ ಗದಗಿನವರು. ಸಣ್ಣ ವಯಸ್ಸಿಗೇ ಮದುವೆಯಾಗಿ, ಅಂಚೆ ಗುಮಾಸ್ತರಾಗಿದ್ದ ಮಾವ ಶೇಷಗಿರಿರಾಯರ ಹಿಂದೆ ಊರೂರು ತಿರುಗಿದವರು. ಎಲ್ಲಿ ಹೋದರೂ ಮೊದಲು ಒಲೆ ಹೂಡಿ, ಆಮೇಲೆ ಗಂಟು ಬಿಚ್ಚುತ್ತಿದ್ದರಂತೆ. ಆ ಒಲೆಯಿಂದ ಇಳಿದ ಯಾವುದಕ್ಕೂ ಮಾವ ಒಂದು ಒಳ್ಳೆಯ ಮಾತು ಆಡಿದವರಲ್ಲ.

"ನಿನ್ನ ಸಾರು ಉಂಡ್ರ ಭಾವಿ ನೀರು ನೆನಪಾಗ್ತದ ನೋಡು."

"ಹಂಗಾರ ನಾಳೆ ಹಗ್ಗಾ-ಕೊಡಾನ ಬಡಸ್ತೀನಿ, ನೀವ ಸೇದಿಕೊಂಡು ಉಣ್ರಿ," ಎನ್ನುವರು ಅತ್ತೆ. ನಗುತ್ತಲೇ ಎನ್ನುವರು.

ನನ್ನ ಗಂಡ ರಮಾಕಾಂತ ಬ್ಯಾಂಕ್ ಅಧಿಕಾರಿ. ವಿಶಾಖಪಟ್ಟಣದ ದ್ವಾರಕಾ ನಗರ ಶಾಖೆಗೆ ವರ್ಗವಾದಾಗ ಅತ್ತೆ-ಮಾವ ಇಬ್ಬರನ್ನೂ ಇಲ್ಲಿಗೆ ಕರೆತಂದೆವು. ಅತ್ತೆಗೆ ತೆಲುಗು ಒಂದಕ್ಷರ ಬರದು. ಆದರೂ ಕೆಳಗಿನ ಮನೆಯ ಒಡತಿ ಸೀತಾಮಹಾಲಕ್ಷ್ಮಿಯವರ ಜೊತೆ ಜಗಲಿಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅವರು ತೆಲುಗಿನಲ್ಲಿ, ಇವರು ಕನ್ನಡದಲ್ಲಿ. ಇಬ್ಬರೂ ತಂತಮ್ಮ ಸೊಸೆಯರನ್ನು ಬೈದುಕೊಳ್ಳುತ್ತಿದ್ದರೆಂದು ನನ್ನ ಅನುಮಾನ.

ಅವರಿಂದಲೇ ಅತ್ತೆ ಒಂದು ಉಪಾಯ ಕಲಿತರು. ಇಲ್ಲಿನ ಸಮುದ್ರದ ಗಾಳಿಗೆ ಹರಳುಪ್ಪು ಡಬ್ಬಿಯಲ್ಲೇ ಒಸರಿ ಕೆಸರಾಗುತ್ತದೆ. ಅದರ ಬದಲು ನೀರಿನಲ್ಲಿ ಕರಗಿಸಿ, ಸೋಸಿ, ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟುಕೊಂಡು ಚಮಚದಲ್ಲಿ ಬಳಸುವುದು. ನೋಡಲು ಥೇಟ್ ಕುಡಿಯುವ ನೀರು.

ಕಳೆದ ವರ್ಷ ರಮಾಕಾಂತರಿಗೆ ವಿಜಯವಾಡಕ್ಕೆ ವರ್ಗವಾಯಿತು. ಅಷ್ಟರಲ್ಲಿ ಮಾವನ ಹೃದಯ ಸೋತು, ಕಾಲು ಊದಿ, ಇಲ್ಲಿಯ ಡಾಕ್ಟರ್ ಜಗನ್ಮೋಹನ್ ಅವರ ಚಿಕಿತ್ಸೆ ಶುರುವಾಗಿತ್ತು. ಹಾಗಾಗಿ ನಾವು ಇಲ್ಲೇ ಉಳಿದೆವು. ರಮಾಕಾಂತರು ಶನಿವಾರ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಡಾಕ್ಟರು ಮಾವನಿಗೆ ಉಪ್ಪನ್ನು ಪೂರ್ತಿ ಬಿಡಿಸಿದರು. ನೀರೂ ಅಳತೆಯದು. ಕಾಯಿಸಿ ಆರಿಸಿದ ದಿನದ ನೀರನ್ನು ಅತ್ತೆ ಇನ್ನೊಂದು ಹಾರ್ಲಿಕ್ಸ್ ಬಾಟಲಿಗೆ ತುಂಬಿಡುತ್ತಿದ್ದರು. ಅಂದಿನಿಂದ ತಾವೂ ಉಪ್ಪು ಬಿಟ್ಟರು. ಯಾಕೆಂದು ಕೇಳಿದರೆ, "ಅವರ ಮುಂದ ಕೂತು ನಾ ಹೆಂಗ ಚಪ್ಪರಿಸಲಿ?" ಎಂದರು. ಬಾಟಲಿಯ ಉಪ್ಪುನೀರು ನನಗೂ ಮಗುವಿಗೂ ಮಾತ್ರ ಉಳಿಯಿತು.

ದಿನಾ ಮಧ್ಯಾಹ್ನ ಮಾವನಿಗೆ ಹೆಸರುಬೇಳೆ, ಟೊಮೆಟೊ ಕುದಿಸಿ ಸೋಸಿದ ಸೂಪು. "ಬಂತೇನು ಬಾಂಡೆ ತೊಳದ ನೀರು?" ಎಂದು ಅವರು ಮುಖ ಹಿಂಡುತ್ತಿದ್ದರು. ಅರ್ಧ ಕುಡಿದು ತಳ್ಳುತ್ತಿದ್ದರು. ಉಳಿದದ್ದನ್ನು ಅತ್ತೆ ಕುಡಿಯುತ್ತಿದ್ದರು.

ಆ ಬುಧವಾರ ಸೂಪು ಗಟ್ಟಿಯಾಯಿತೆಂದು ಅತ್ತೆ ಬಾಟಲಿಯಿಂದ ಒಂದಿಷ್ಟು ನೀರು ಬಗ್ಗಿಸಿದರು. ಕಣ್ಣಿಗೆ ಪೊರೆ ಬಂದು ಮಸುಕಾಗಿತ್ತು. ಆಪರೇಷನ್ ಅಂದರೆ "ಮೊದಲು ಅವರು ಏಳಲಿ" ಎನ್ನುತ್ತಿದ್ದರು. ಕೈಗೆ ಸಿಕ್ಕಿದ್ದು ಉಪ್ಪುನೀರಿನ ಬಾಟಲಿ. ದೇವರ ಮುಂದಿಟ್ಟು ತರುವ ತನಕ ಅಡುಗೆಯ ರುಚಿ ನೋಡುವ ಪದ್ಧತಿ ಆ ಮನೆಯಲ್ಲಿಲ್ಲ. ದೇವರ ನಂತರ ಗಂಡನಿಗೆ, ತಮಗೆ ಕಡೆಯಲ್ಲಿ.

ಮಾವ ಒಂದು ಗುಟುಕು ಕುಡಿದರು; ಮುಖ ಹಿಂಡಲಿಲ್ಲ. ಇನ್ನೊಂದು ಗುಟುಕು. ಆಮೇಲೆ ಲೋಟ ಬರಿದು ಮಾಡಿ ಮುಂದೆ ಚಾಚಿದರು.

"ಇವತ್ತ ಛಲೋ ಆಗೇದ. ಇನ್ನಷ್ಟು ಹಾಕು."

ಅತ್ತೆ ಬಾಗಿಲಲ್ಲಿದ್ದ ನನ್ನತ್ತ ತಿರುಗಿದರು. ಆ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. "ಕೇಳಿದ್ಯಾ ಶುಭಾ? ಏನಂದ್ರು ಕೇಳಿದ್ಯಾ?"

ಮರುದಿನ ಬೆಳಕು ಹರಿಯುವಾಗ ಮಾವ ಮಲಗಲಾರದೆ ಗೋಡೆಗೊರಗಿ ಕೂತು ಉಸಿರಿಗೆ ಬಡಿದಾಡುತ್ತಿದ್ದರು. ಸೀತಾಮಹಾಲಕ್ಷ್ಮಿಯವರು ಕಾರು ಕರೆಸಿದರು. ನರ್ಸಿಂಗ್ ಹೋಮಿನಲ್ಲಿ ಜಗನ್ಮೋಹನ್ ಮೊದಲು ಕೇಳಿದ್ದೇ ಅದು: "ನಿನ್ನ ಏಂ ತಿನ್ನಾರಮ್ಮಾ?"

ನಿನ್ನೆ ಏನು ತಿಂದರು ಎಂದು ಕೇಳುತ್ತಿದ್ದಾರೆ ಅಂತ ಅತ್ತೆಗೆ ಹೇಳಿದೆ. "ಸಪ್ಪೆ ಸೂಪು ಅಂತ ಹೇಳು," ಎಂದರು. ಹಾಗೇ ಹೇಳಿದೆ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಪಥ್ಯ ಸರಿಯಿದ್ದೂ ಹೀಗಾಗಿದೆಯೆಂದರೆ ಈಗಿನ ಮಾತ್ರೆ ಹಿಡಿಯುತ್ತಿಲ್ಲ, ಹೃದಯ ಇನ್ನಷ್ಟು ಸೋತಿದೆ ಎಂದರ್ಥ. ಸಂಜೆಯಿಂದ ಬೇರೆ ಔಷಧಿ ಶುರು. ಅದು ಕಿಡ್ನಿಗೆ ಕೆಟ್ಟದ್ದು, ಆದರೆ ಬೇರೆ ದಾರಿಯಿಲ್ಲ ಎಂದರು.

ಮಧ್ಯಾಹ್ನ ಬಟ್ಟೆ ತರಲು ಇಬ್ಬರೂ ಮನೆಗೆ ಬಂದೆವು. ಅತ್ತೆ ಅಡುಗೆಮನೆಯಲ್ಲಿ ಕುಸಿದು ಕೂತರು. ನಿನ್ನೆ ಗಂಡ ಕುಡಿದಾದ ಮೇಲೆ ತಳದಲ್ಲಿ ಉಳಿದದ್ದನ್ನು ತಾವು ಕುಡಿದಾಗ ನಾಲಿಗೆಗೆ ಉಪ್ಪು ಚೆನ್ನಾಗಿಯೇ ಹತ್ತಿತಂತೆ. ಬಾಟಲಿ ಅದಲುಬದಲಾದದ್ದು ಆಗಲೇ ತಿಳಿಯಿತಂತೆ.

"ಆಗಲೇ ಹೇಳಬಾರದಿತ್ತೇ ಅತ್ತೆ? ಡಾಕ್ಟರಿಗೆ ಈಗಲಾದರೂ ಹೇಳಬೇಕು."

"ಬ್ಯಾಡವಾ. ನಿನ್ನ ಕಾಲು ಹಿಡೀತೀನಿ, ಯಾರಿಗೂ ಹೇಳಬ್ಯಾಡ."

"ನಿಮ್ಮನ್ನು ಯಾರೂ ಬೈಯುವುದಿಲ್ಲ."

"ಬೈದ್ರ ಬೈಲಿ. ಬೈಗುಳ ನನಗೇನು ಹೊಸಾದ?" ಸೆರಗಿನಿಂದ ಬಾಯಿ ಒತ್ತಿಕೊಂಡರು. "ಲಗ್ನಾದಾಗಿಂದ ಒಮ್ಮೆರ ಛಲೋ ಆಗೇದ ಅಂದಿದ್ದಿಲ್ಲ ಅವರು. ನಿನ್ನೆ ಅಂದ್ರು. ಅದೂ ಉಪ್ಪಿನ ಪುಣ್ಯಾ ಅಂತ ಅವರ ಕಿವಿಗೆ ಬೀಳೂದು ಬ್ಯಾಡ. ಅದೊಂದರ ನನಗಿರಲಿ."

ಹೂಂ ಎಂದೆ.

ಅವರು ಆಸ್ಪತ್ರೆಗೆ ಮರಳಿದರು. ನಾನು ಮಗುವಿನೊಂದಿಗೆ ಮನೆಯಲ್ಲಿ. ರಮಾಕಾಂತರಿಗೆ ಸುದ್ದಿ ಮುಟ್ಟಿತ್ತು, ಆದರೆ ಅವರ ರೈಲು ಬರುವಷ್ಟರಲ್ಲಿ ಸಂಜೆ ಕಳೆದಿರುತ್ತದೆ. ಯಾರನ್ನು ಕೇಳಲಿ? ಬಿಸಿಲು ಎದುರು ಮನೆಯ ತಾರಸಿಯಿಂದ ಇಳಿಯುವುದನ್ನು ನೋಡುತ್ತ ನಿಂತೆ. ಕಡೆಗೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲಿಳಿದೆ.

"ಏಮೈಂದಮ್ಮಾ?" ಎಂದರು ಸೀತಾಮಹಾಲಕ್ಷ್ಮಿಯವರು. ಏನಾಯಿತೆಂದು ಹೇಳದೆ ಅವರ ಮನೆಯ ಫೋನಿನತ್ತ ಕೈ ತೋರಿಸಿದೆ. ಅವರು ಮಗುವನ್ನು ಎತ್ತಿಕೊಂಡು ಹೊರಗೆ ಹೋದರು.

ನರ್ಸಿಂಗ್ ಹೋಮಿನ ನರ್ಸ್ ಡಾಕ್ಟರನ್ನು ಕರೆಯಲು ಹೋದಾಗ ಫೋನು ಇಟ್ಟುಬಿಡೋಣ ಎನ್ನಿಸಿತು. ಅಷ್ಟರಲ್ಲಿ ಜಗನ್ಮೋಹನರ ದನಿ ಬಂತು.

"ಡಾಕ್ಟರ್, ಹೊಸ ಔಷಧಿ ಕೊಟ್ಟಿರಾ?" ಎಂದೆ ಇಂಗ್ಲಿಷಿನಲ್ಲಿ.

"ಈಗ ಕೊಡುವವನಿದ್ದೆ."

"ನಿನ್ನೆಯ ಸೂಪಿನಲ್ಲಿ ಉಪ್ಪಿತ್ತು. ತುಂಬಾ ಇತ್ತು. ಎರಡು ಲೋಟ ಕುಡಿದಿದ್ದಾರೆ."

"ಎಷ್ಟು ಬಿದ್ದಿತ್ತು? ನಿಮ್ಮ ಅತ್ತೆ ಒಳಗೆ ಮಂಚದ ಪಕ್ಕ ಕೂತಿದ್ದಾರೆ, ಕೇಳಲೇ?"

"ಅವರಿಗೆ ತೆಲುಗು ಬಾರದು, ಫೋನು ಅವರ ಕೈಗೆ ಕೊಡಿ, ನಾನೇ ಕೇಳುತ್ತೇನೆ. ಆದರೆ ಮಾವನ ಮುಂದೆ ಬೇಡ, ಡಾಕ್ಟರ್, ಉಪ್ಪಿನ ಮಾತು ಅವರ ಕಿವಿಗೆ ಬೀಳಬಾರದು. ದಯವಿಟ್ಟು ಅತ್ತೆಯನ್ನು ಹೊರಗೆ ಕರೆಯಿರಿ."