ಇಂಟರ್ವಲ್ ತನಕ ಸೋಲಬೇಕು

ಪಿಟಿ ಮೇಷ್ಟ್ರು ವರ್ಗವಾಗಿ ಹೋದ ವರ್ಷ ಹುಡುಗಿಯರ ಕಬಡ್ಡಿ ತಂಡ ನನ್ನ ಕೊರಳಿಗೆ ಬಿತ್ತು. ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಕಬಡ್ಡಿ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಸಿನಿಮಾದಿಂದ. ಶಿಸ್ತು, ಒಗ್ಗಟ್ಟುಗಳನ್ನೂ ಅಲ್ಲಿಂದಲೇ ಕಲಿಸಿದರಾಯಿತೆಂದು, ತಾಯಲೂರು ಕಡೆಯ ನಮ್ಮ ಹೈಸ್ಕೂಲಿನ ಸ್ಮಾರ್ಟ್ ಕ್ಲಾಸಿನಲ್ಲಿ ಶನಿವಾರಕ್ಕೊಂದು ಆಟದ ಸಿನಿಮಾ ಹಾಕಿದೆ. ಬಿಸಿಲಲ್ಲಿ ಓಡಿಸುವುದಕ್ಕಿಂತ ಫ್ಯಾನಿನ ಕೆಳಗೆ ಶಿಸ್ತು ಕಲಿಸುವುದು ನನಗೂ ಹಿತವಾಗಿತ್ತು.

ಮುಳಬಾಗಿಲಿನ ತಾಲ್ಲೂಕು ಪಂದ್ಯದಲ್ಲಿ ಮೊದಲ ಎರಡು ಆಟ ಸಲೀಸಾಗಿ ಗೆದ್ದೆವು. ಉಳಿದದ್ದು ಫೈನಲ್. ಕ್ಯಾಪ್ಟನ್ ಹುಡುಗಿ ಹತ್ತನೇ ಕ್ಲಾಸು. ಗೆದ್ದು ಕೋಲಾರಕ್ಕೆ, ಜಿಲ್ಲಾ ಮಟ್ಟಕ್ಕೆ ಹೋದರೆ ಕಾಲೇಜಿನಲ್ಲೂ ಆಡು, ಇಲ್ಲವಾದರೆ ಇಲ್ಲಿಗೆ ಸಾಕು ಎಂದು ಅವಳಪ್ಪ ನನ್ನೆದುರೇ ಹೇಳಿದ್ದರು.

ಫೈನಲ್ ಶುರುವಾಯಿತು. ನಮ್ಮವರು ಕೈಗೆ ಸಿಕ್ಕ ರೇಡರನ್ನು ಬಿಟ್ಟುಕೊಟ್ಟರು. ಕ್ಯಾಪ್ಟನ್ ರೇಡಿಗೆ ಹೋಗಿ ಯಾರನ್ನೂ ಮುಟ್ಟದೆ ವಾಪಸು ಬಂದಳು. ನೋಡನೋಡುತ್ತಲೇ ಹತ್ತು ಪಾಯಿಂಟು ಹಿಂದೆ ಬಿದ್ದೆವು. ನನಗೆ ಗಾಬರಿಯಾಗಬೇಕಿತ್ತು. ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯಾಯಿತು. ವಿರಾಮದಲ್ಲಿ ಹೇಳಲೆಂದು ಒಂದು ಭರ್ಜರಿ ಭಾಷಣ ಬಾಯಿಪಾಠ ಮಾಡಿಕೊಂಡಿದ್ದೆ. ಗೆಲ್ಲುತ್ತಿರುವವರ ಮುಂದೆ ಅದಕ್ಕೆ ಬೆಲೆ ಎಲ್ಲಿ?

ವಿರಾಮಕ್ಕೆ ಬಂದರು. ಒಬ್ಬರ ಮುಖದಲ್ಲೂ ಬೇಸರವಿಲ್ಲ.

“ಯಾಕ್ರಮ್ಮಾ, ಏನಾಗಿದೆ ನಿಮಗೆ?”

“ಫೈನಲ್ನಾಗೆ ಇಂಟರ್ವಲ್ ತನಕ ಸೋಲ್ಬೇಕಲ್ವಾ ಸಾ? ಎಲ್ಲಾ ಸಿನಿಮಾದಾಗೂ ಅಂಗೇ ಅಲ್ವಾ?” ಅಂದಳು ಕ್ಯಾಪ್ಟನ್. “ಈಗ ನೀವು ಮಾತಾಡಿ, ಆಮೇಲೆ ನಾವು ನೋಡ್ಕೊಂತೀವಿ.”

“ತೊಂದರಗಾ ಚೆಪ್ಪಂಡಿ ಸಾರ್,” ಬೇಗ ಹೇಳಿ ಎಂದು ಇನ್ನೊಬ್ಬಳು ತೆಲುಗಿನಲ್ಲಿ ಅವಸರ ಮಾಡಿದಳು.

ಏಳು ಜನರೂ ಒಗ್ಗಟ್ಟಾಗಿ, ಶಿಸ್ತಿನಿಂದ ಸೋತಿದ್ದರು. ನನ್ನ ಪಾಠವನ್ನು ಯಾವ ವಿದ್ಯಾರ್ಥಿಯೂ ಇಷ್ಟು ಚೆನ್ನಾಗಿ ಕಲಿತದ್ದಿಲ್ಲ. ಆಗಲಾದರೂ ಬುದ್ಧಿ ಬರಬೇಕಿತ್ತು. ನಾನು ಭಾಷಣ ಮಾಡಿದೆ. ವಿರಾಮದ ಐದು ನಿಮಿಷವೂ ಮಾಡಿದೆ. ಎದುರು ತಂಡದ ಮೇಷ್ಟ್ರು ಅಷ್ಟರಲ್ಲಿ ತಮ್ಮ ಹುಡುಗಿಯರಿಗೆ ನೀರು ಕುಡಿಸಿ, ನಮ್ಮ ಕ್ಯಾಪ್ಟನ್ನಿನ ಎಡಗಾಲಿಗೆ ಕೈ ಹಾಕಿ ಎಂದಷ್ಟೇ ಹೇಳಿಕೊಟ್ಟರಂತೆ.

ಆಮೇಲೆ ನಮ್ಮವರು ಜೀವದ ಹಂಗು ಬಿಟ್ಟು ಆಡಿದರು. ಆದರೂ ಎರಡು ಪಾಯಿಂಟಿನಿಂದ ಸೋತೆವು.

ವಾಪಸು ಬರುವ ಬಸ್ಸಿನಲ್ಲಿ ಕ್ಯಾಪ್ಟನ್ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸುಮ್ಮನಿರಲಾರದೆ, “ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ ಕಣಮ್ಮಾ,” ಅಂದೆ.

ಅವಳು ಗಾಬರಿಯಿಂದ ತಿರುಗಿದಳು. “ಬೇಡ ಸಾ. ನೀವು ಮಾತಾಡ್ಬೇಡಿ. ನಾನೇ ಏನೋ ಹೇಳ್ಕೊಂತೀನಿ.”