ಪಂಚಮಿಯ ಮುಂದೆ ಹಾವಿನ ತರಬೇತಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಇಳಕಲ್ಲಿನ ಹೊರಗಿನ ಒಂದು ಗ್ರಾನೈಟ್ ಖಣಿಯಲ್ಲಿ ಮೇಲ್ವಿಚಾರಕನಾಗಿದ್ದೆ. ಅದಕ್ಕೂ ಮೊದಲು ಸೈನ್ಯದ ಉಗ್ರಾಣದಲ್ಲಿ ಕೆಲಸ ಮಾಡಿದ್ದೆ. ಖಣಿಯಲ್ಲೂ ಅದೇ ಶಿಸ್ತು: ಬೆಳಿಗ್ಗೆ ಹಾಜರಿ, ಆಮೇಲೆ ಉಳಿ, ಹಾರೆಯಂಥ ಹತ್ಯಾರು ಕೊಡುವುದು, ಸಂಜೆ ಹತ್ಯಾರು ವಾಪಸು ತೆಗೆದುಕೊಳ್ಳುವುದು, ಕೊನೆಗೆ ಗೇಟಿನಲ್ಲಿ ತಪಾಸಣೆ. ಈ ಕ್ರಮ ಮಳೆ ಬಂದರೂ ತಪ್ಪುತ್ತಿರಲಿಲ್ಲ. ಆ ದಿನಗಳಲ್ಲಿ ಉಳಿಗಳು ಕಾಣೆಯಾಗುತ್ತಿದ್ದವು. ಹೀಗಾಗಿ ಯಾರ ಕೈ ಎಲ್ಲಿದೆ ಎಂದು ನೋಡುವುದು ನನ್ನ ಕೆಲಸದ ಭಾಗವೇ ಆಗಿತ್ತು.

ನಾಗರಪಂಚಮಿ ಹತ್ತಿರ ಬಂದಾಗ ಮಾಲೀಕರು ಹೇಳಿಕಳಿಸಿದರು: ಆರೋಗ್ಯ ಇಲಾಖೆಯವರೊಬ್ಬರು ಬರುತ್ತಾರೆ, ಹಾವು ಕಚ್ಚಿದರೆ ಏನು ಮಾಡಬೇಕೆಂದು ಕಲಿಸುತ್ತಾರೆ, ಅರ್ಧ ದಿನ ಕೆಲಸ ನಿಲ್ಲಿಸಿ. ಅರ್ಧ ದಿನ ಕೆಲಸ ನಿಲ್ಲಿಸುವ ಜಾತಿಯ ಮಾಲೀಕರಲ್ಲ ಅವರು. ನನಗೇ ಅನುಮಾನ ಬಂದ ಮೇಲೆ ಕೂಲಿಕಾರರಿಗೆ ಬಾರದಿರುತ್ತದೆಯೇ? ಖಣಿಯ ಒಂದು ಬದಿಗೆ ಹುತ್ತಗಳಿದ್ದ ದಿಬ್ಬವಿತ್ತು. ಅದರ ಕೆಳಗೆ ಒಳ್ಳೆಯ ಕೆಂಪು ಕಲ್ಲಿದೆ ಎಂಬ ಮಾತಿದ್ದರೂ ಯಾರೂ ಅದನ್ನು ಮುಟ್ಟಿರಲಿಲ್ಲ.

“ಹುತ್ತ ಒಡಸೂ ವಿಚಾರ ಐತಿ ನೋಡಲೇ,” ಎಂದ ಕಲ್ಲು ಸೀಳುವವನೊಬ್ಬ. “ಅದಕ್ಕ ಮೊದಲ ಔಷಧ ಕಲಿಸಾಕ ಹತ್ತ್ಯಾರ.”

“ಇಲ್ಲಂದ್ರ ಮಾಲಕರಿಗೆ ನಮ್ಮ ಮ್ಯಾಲ ಒಮ್ಮೆಲೇ ಇಷ್ಟ ಪ್ರೀತಿ ಹೆಂಗ ಬರತೈತಿ?” ಎಂದ ಇನ್ನೊಬ್ಬ.

ಮುಂದೆ ಆ ದಿಬ್ಬವನ್ನು ಒಡೆಸಿದ್ದು ನಿಜ. ಆದರೆ ಅದು ಬಹಳ ವರ್ಷಗಳ ನಂತರದ ಮಾತು.

ಬಂದವರು ಮೈಸೂರು ಕಡೆಯ ತರುಣ. ಅವರ ಮಾತು ಪಾಠದ ಪುಸ್ತಕದಂತಿತ್ತು. “ಹಾವು ಕಚ್ಚಿದರೆ ಮೊದಲನೆಯದಾಗಿ ಗಾಬರಿಯಾಗಬಾರದು,” ಎಂದು ಶುರು ಮಾಡಿದರು.

“ಹಾವಿಗೂ ಅಷ್ಟ ಹೇಳಿ ಹೋಗ್ರಿ ಸಾಹೇಬ್ರ!” ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಕಲಿಸಲು ಬಂದವರೂ ನಕ್ಕು ಮುಂದುವರಿಸಿದರು. ಕಲ್ಲಿನ ಸಂದಿಗೆ ಕೈ ಹಾಕುವ ಮೊದಲು ಹಾರೆಯಿಂದ ಸರಿಸಿ ನೋಡಬೇಕು. ಕಚ್ಚಿದ ಜಾಗವನ್ನು ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಬಳೆ, ಉಂಗುರ ತೆಗೆಯಬೇಕು. ಕೈಯಾಗಲಿ ಕಾಲಾಗಲಿ ಹಲಗೆಗೆ ಕಟ್ಟಿ ಅಲುಗಾಡದಂತೆ ಇಟ್ಟು, ನಡೆಸದೆ, ಸಿಕ್ಕ ಗಾಡಿಯಲ್ಲಿ ದವಾಖಾನೆಗೆ ಒಯ್ಯಬೇಕು. ಇದು ನನಗೆ ಹಿಡಿಸಿತು. ಇದಾದ ಮೇಲೆ ಇದು, ಆಮೇಲೆ ಅದು. ಇದರಲ್ಲಿ ನಂಬುವ, ನಂಬದಿರುವ ಪ್ರಶ್ನೆಯೇ ಇರಲಿಲ್ಲ.

ಕೆಲಸ ಕೆಟ್ಟದ್ದು ಕೊನೆಯಲ್ಲಿ. ಅವರು ಚೀಲದಿಂದ ಗಾಜಿನ ಬರಣಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಸ್ಪಿರಿಟ್ಟಿನಲ್ಲಿ ಸುರುಳಿ ಸುತ್ತಿದ ಸತ್ತ ನಾಗರ. ಹೆಂಗಸರೆಲ್ಲ ಒಟ್ಟಿಗೇ ಹಿಂದೆ ಸರಿದರು. ಬುಟ್ಟಿ ಹೊರುವ ಹೆಂಗಸರಿಗೆ ಹಿರಿಯಳಾಗಿದ್ದ ಮುದುಕಿ ಎದ್ದು ನಿಂತಳು.

“ಪಂಚಮಿ ಬಾಗಲಿಗೆ ಬಂದೈತಿ, ನಾಗಪ್ಪನ್ನ ಕೊಂದು ಬಾಟ್ಲ್ಯಾಗ ತುಂಬಕೊಂಡ ಬಂದೀರಲ್ರಿ! ನಿಮ್ಮ ಮನ್ಯಾಗ ಹಾಲು ಎರಿಯೂ ಹೆಣ್ಮಕ್ಕಳು ಯಾರೂ ಇಲ್ಲೇನು?”

ಆಕೆಯ ಸೊಸೆಯೂ ನಮ್ಮಲ್ಲೇ ದುಡಿಯುತ್ತಿದ್ದಳು. ಹಿಂದಿನ ಬೇಸಿಗೆಯಲ್ಲಿ ಮದುವೆಯಾಗಿ ಬಂದವಳು. ಅವಳೊಬ್ಬಳೇ ಮುಂದೆ ಬಂದು, ಬರಣಿಗೆ ಬೆರಳು ತಾಗಿಸಿ ಬಗ್ಗಿ ನೋಡಿದಳು. “ಇಷ್ಟ ಸಣ್ಣ ಹಲ್ಲೇನ್ರಿ ಇದಕ್ಕ?” ಎಂದಳು. ಅತ್ತೆ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಅಂದಿನಿಂದ ಹೆಂಗಸರ ನಡುವೆ ಒಂದೇ ಮಾತು: ಮುಟ್ಟಬಾರದ್ದನ್ನು ಮುಟ್ಟಿದ್ದಾಳೆ, ಅದು ಸುಮ್ಮನೆ ಹೋಗುವುದಿಲ್ಲ.

ಹಬ್ಬಕ್ಕೆ ಕರೆದೊಯ್ಯಲು ಅವಳ ಅಣ್ಣ ಕಮತಗಿಯಿಂದ ಬರುವವನಿದ್ದ. ಅದರ ಹಿಂದಿನ ದಿನ, ಊಟದ ಹೊತ್ತಿಗೆ ಸ್ವಲ್ಪ ಮೊದಲು, ಸೊಸೆ ಕಲ್ಲಿನ ರಾಶಿಯ ಹಿಂದಿನಿಂದ ಬಂದದ್ದನ್ನು ಕಂಡೆ. ಬುಟ್ಟಿ ಎಡಗೈಯಲ್ಲಿತ್ತು. ಬಲಗೈ ಸೆರಗಿನೊಳಗೆ. ನನ್ನನ್ನು ಕಂಡದ್ದೇ ದಾರಿ ಬದಲಿಸಿದಳು. ಉಳಿ, ಎಂದುಕೊಂಡೆ.

“ಏನೈತಿ ಕೈಯಾಗ?”

“ಏನಿಲ್ರಿ. ಕಲ್ಲು ಬಡದೈತಿ.”

“ತೋರಸು.”

ಅತ್ತೆ ಓಡಿ ಬಂದಳು. “ಏನ್ ಸಾಹೇಬ್ರ, ಹೆಣ್ಮಕ್ಕಳ ಸೆರಗಿಗೆ ಕೈ ಹಾಕೂಮಟ ಬಂತೇನು ನಿಮ್ಮ ಹುದ್ದೆ? ನಮ್ಮ ಮನಿಯವರು ಕಳ್ಳರಲ್ಲ!”

“ಹಂಗಾದ್ರ ನೀವ ನೋಡ್ರಿ. ನಾ ಈ ಕಡೆ ಮುಖ ಮಾಡತೇನಿ,” ಎಂದು ತಿರುಗಿ ನಿಂತೆ. ಬೈಗುಳ ನಿಂತಿತು. ತಿರುಗಿ ನೋಡಿದಾಗ ಮುದುಕಿ ಸೊಸೆಯ ಅಂಗೈಯನ್ನು ಹಿಡಿದುಕೊಂಡು ನಿಂತಿದ್ದಳು. ಉಳಿ ಇರಲಿಲ್ಲ. ಹೆಬ್ಬೆರಳಿನ ಬುಡ ಬಾತಿತ್ತು. ಕಲ್ಲಿನ ಚೂರುಗಳಿಂದ ಗೀರುಬಿದ್ದ ಕೈಯಲ್ಲಿ ಹಲ್ಲಿನ ಗುರುತು ಯಾವುದು, ಹಳೆಯ ಗಾಯ ಯಾವುದು ಎಂದು ಹೇಳುವಂತಿರಲಿಲ್ಲ.

“ಏನು ಕಡೀತು?” ಎಂದೆ. ಅವಳು ಅತ್ತೆಯ ಮುಖ ನೋಡಿದಳು. ಏಕೆಂದು ನನಗೆ ಆಗ ಹೊಳೆಯಿತು. ಬರಣಿ ಮುಟ್ಟಿದವಳನ್ನು ಪಂಚಮಿಯ ಮುಂದೆ ಹಾವು ಕಚ್ಚಿತು ಎಂದರೆ ಊರು ಏನನ್ನುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆ ಮಾತಿಗೆ ಹೆದರಿ ಅವಳು ವಿಷವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು.

ನಾನು ತರಬೇತಿಯಲ್ಲಿ ಹೇಳಿಕೊಟ್ಟ ಕ್ರಮಕ್ಕೆ ನಿಂತೆ. ಪೆಟ್ಟಿಗೆಯ ಹಲಗೆ ಬಂತು, ಬಟ್ಟೆ ಬಂತು. ಬಳೆ ತೆಗೆಯಿರಿ ಎಂದಾಗ ಮುದುಕಿ ಕೆರಳಿದಳು. “ಹಬ್ಬಕ್ಕ ಇಟ್ಟ ಹಸರು ಬಳಿ! ನನ್ನ ಮಗ ಗಟ್ಟಿ ಅದಾನ್ರಿ!” ಆದರೆ ಬಾವು ಮಣಿಕಟ್ಟಿನತ್ತ ಏರುತ್ತಿತ್ತು. ಕೊನೆಗೆ ತಾನೇ ಸೆರಗು ಸುತ್ತಿ, ಒಂದೊಂದಾಗಿ ಬಳೆ ಮುರಿದಳು. “ಎಡಗೈಯಾಗ ಅದಾವು. ಅಷ್ಟ ಸಾಕು,” ಎಂದು ತನಗೆ ತಾನೇ ಹೇಳಿಕೊಂಡಳು.

ಕಲ್ಲು ತುಂಬಲು ನಿಂತಿದ್ದ ಲಾರಿಯನ್ನು ಖಾಲಿಯೇ ಹೊರಡಿಸಿದೆ. ಹುನಗುಂದದ ದಾರಿಯುದ್ದಕ್ಕೂ ಮುದುಕಿ ನನ್ನನ್ನು ಓರೆಗಣ್ಣಿನಿಂದ ನೋಡುತ್ತಿದ್ದಳು, ನಾನು ಅವಳನ್ನು. ಸೊಸೆ ನಡುವೆ ಕೂತಿದ್ದಳು. ದವಾಖಾನೆ ಮುಟ್ಟುವ ಹೊತ್ತಿಗೆ ಅವಳ ರೆಪ್ಪೆಗಳು ನಿದ್ದೆ ಬಂದವರಂತೆ ಇಳಿಯತೊಡಗಿದ್ದವು.

ಡಾಕ್ಟರರು ಕೇಳುವ ಮೊದಲೇ ಮುದುಕಿ ಹೇಳಿಬಿಟ್ಟಳು. “ಚೇಳು ಕಡದೈತ್ರಿ.”

“ಅಲ್ರಿ, ಹಾವು ಇರಬೇಕು,” ಎಂದೆ.

“ನೀವು ಕಂಡೀರೇನು?” ಎಂದರು ಡಾಕ್ಟರರು.

ನಾನು ಕಂಡಿರಲಿಲ್ಲ. ಕಾಣದ್ದನ್ನು ಕಂಡೆ ಎನ್ನುವ ಅಭ್ಯಾಸ ನನಗಿಲ್ಲ. “ಇಲ್ಲ,” ಎಂದೆ. ಮುದುಕಿ ‘ಕೇಳಿದಿರಲ್ಲ’ ಎಂಬಂತೆ ತಲೆಯಾಡಿಸಿದಳು.

ಡಾಕ್ಟರರು ಇಬ್ಬರನ್ನೂ ಬಿಟ್ಟು ರೋಗಿಯ ಮೇಲೆ ಬಗ್ಗಿದರು. “ತಂಗೀ, ಚೇಳಾದ್ರ ಸೂಜಿ ಬ್ಯಾರೆ, ಹಾವಾದ್ರ ಬ್ಯಾರೆ. ಹೊತ್ತು ಕಳಿಯೂಹಂಗಿಲ್ಲ. ನೀ ಹೇಳು. ಇವರ ಯಾರ ಮಾತೂ ನನಗ ಬ್ಯಾಡ.”

ಅವಳು ಕಣ್ಣು ತೆರೆಯಲು ಕಷ್ಟಪಟ್ಟಳು. ನಾಲಿಗೆ ದಪ್ಪವಾಗಿತ್ತು. ಅತ್ತೆ ಅವಳ ಕಾಲ ಬಳಿ ನಿಂತಿದ್ದಳು.

“ನಾಗಪ್ಪ,” ಎಂದಳು. ಉಸಿರು ತೆಗೆದುಕೊಂಡು, “ಹೆಡಿ ಬಿಚ್ಚಿದ್ದು ನಾ ನೋಡೇನ್ರಿ. ಅತ್ತೀ, ಸಿಟ್ಟ ಮಾಡಬ್ಯಾಡ್ರಿ,” ಎಂದಳು.

ಮುದುಕಿ ಸಿಟ್ಟು ಮಾಡಲಿಲ್ಲ. ಬಾಟಲಿ ತೂಗುಹಾಕಿ ಔಷಧ ಇಳಿಬಿಟ್ಟ ಮೇಲೂ ಅಲ್ಲೇ ನಿಂತಿದ್ದಳು. ನರ್ಸ್ ಹೊರಗೆ ಹೋಗೆಂದರೂ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಸೊಸೆ ನೀರು ಕೇಳಿದಳು, ನುಂಗಿದಳು. ಆಗ ಮುದುಕಿ ನೆಲದ ಮೇಲೆ ಕುಕ್ಕರಿಸಿದಳು.

ಮರುದಿನ ನಾನು ಅಲ್ಲಿದ್ದಾಗಲೇ ಅಣ್ಣ ಬಂದ. ತಂಗಿಯನ್ನು ಲಾರಿಯಲ್ಲಿ ಒಯ್ದರು ಎಂದಷ್ಟೇ ಅವನ ಕಿವಿಗೆ ಬಿದ್ದಿತ್ತು. ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡಿ, “ನೀವ್ಯಾರ್ರಿ? ಏನಾಗೇತಿ ನಮ್ಮ ತಂಗಿಗೆ?” ಎಂದ.

“ಚೇಳು ಕಡದಿತ್ತಪಾ,” ಎಂದಳು ಮುದುಕಿ, ರೆಪ್ಪೆ ಅಲುಗದೆ. “ಆರಾಮ ಅದಾಳ. ಡಾಕ್ಟರು ಬಿಟ್ಟ ಕೂಡ್ಲೆ ತವರಿಗೆ ಕಳಸ್ತೇನಿ. ಹಬ್ಬದ ಉಂಡಿ ತಗದಿಟ್ಟಿರ್ರಿ.”

ಅವನು ನನ್ನತ್ತ ತಿರುಗಿದ. “ಖರೇನ್ರಿ?”

ಡಾಕ್ಟರಿಗೆ ಸಲ್ಲಬೇಕಾದ ಉತ್ತರ ಸಂದಾಗಿತ್ತು. ಇವನಿಗೆ ಯಾವ ಉತ್ತರ ಕೊಡಬೇಕೆಂಬುದು ಯಾವ ತರಬೇತಿಯಲ್ಲೂ ಇರಲಿಲ್ಲ.

“ಅವರು ಸಂಗಡ ಇದ್ರು. ಅವರಿಗೆ ಗೊತ್ತು,” ಎಂದೆ.

ಅವನು ತಂಗಿಯ ಹತ್ತಿರ ಹೋದ. ಮುದುಕಿ ಮಾತ್ರ ಬಾಗಿಲಲ್ಲೇ ನಿಂತು, ನಾನು ಗೇಟು ದಾಟುವವರೆಗೂ ನನ್ನ ಮೇಲೆ ಕಣ್ಣಿಟ್ಟಿದ್ದಳು, ತಿರುಗಿ ಬಂದು ಏನಾದರೂ ಹೇಳಿಬಿಟ್ಟೇನೆಂದು.